ಉಪ್ಪು ನೋಡಿದವಳು

ಜೂನ್ ಎಂದರೆ ಇಲ್ಲಿ ಹುಲ್ಲಿನ ಮೇಲೆ ಬಿಳಿ ಹಿಮ.
ದಕ್ಷಿಣ ಬ್ರೆಜಿಲಿನ ಈ ಗುಡ್ಡಗಳಲ್ಲಿ
ಹಂದಿ ಕೊಯ್ಯಲು ಅದೇ ಹದ:
ನೊಣವಿಲ್ಲ, ಮಾಂಸ ಹಳಸುವುದಿಲ್ಲ,
ಮಾತಿಗಿಂತ ಮೊದಲೇ ಉಸಿರು ಹೊರಗೆ ಬಂದು ನಿಂತಿರುತ್ತದೆ.

ನಾನು ಹುಟ್ಟುವ ವರ್ಷದ ಜೂನಿನಲ್ಲಿ
ನನ್ನ ತಾಯಿ ಜುಲ್ಮೀರಾ
ಮರದ ದೊಡ್ಡ ಮರಿಗೆಯಲ್ಲಿ ಮೊಣಕೈವರೆಗೆ ಮುಳುಗಿ
ಕೊಚ್ಚಿದ ಮಾಂಸ ಕಲಸುತ್ತಿದ್ದಳು.
ಬೆಳ್ಳುಳ್ಳಿ, ಮೆಣಸು, ಜಾಯಿಕಾಯಿ, ಒಂದು ಲೋಟ ಕೆಂಪು ವೈನ್.
ಕರುಳಿಗೆ ತುಂಬುವ ಮೊದಲು ಯಾರಾದರೂ ಉಪ್ಪು ನೋಡಬೇಕು.
"ಬಸುರಿಯ ನಾಲಗೆ ಸುಳ್ಳು ಹೇಳುವುದಿಲ್ಲ"
ಎಂದಳಂತೆ ಅಜ್ಜಿ ಜೆನೊವೇಫಾ.

ಹೆಬ್ಬೆರಳಿನಷ್ಟು ಹಸಿ ಮಾಂಸ.
"ಇನ್ನೊಂದು ಚಿಟಿಕೆ."
ಮತ್ತೆ ಹೆಬ್ಬೆರಳಿನಷ್ಟು.
"ಈಗ ಸರಿ."

ಅಷ್ಟೇ.
ಒಂದು ವಾರ ಮೈ ಬೆಚ್ಚಗೆ, ಕತ್ತಿನಲ್ಲಿ ಗೋಲಿಯಂಥ ಗಂಟು.
ಚಳಿಗಾಲದ ನೆಗಡಿ ಎಂದರು.

ಏಳನೆಯ ವಯಸ್ಸಿನಲ್ಲಿ ನನ್ನನ್ನು ಪೇಟೆಗೆ ಕರೆದೊಯ್ದರು,
ಕಪ್ಪು ಹಲಗೆಗೆ ಕೆನ್ನೆ ಕೊಟ್ಟು ಓದುತ್ತೇನೆಂದು
ಟೀಚರು ಎರಡು ಸಲ ಹೊಡೆದ ಮೇಲೆ.
ಡಾಕ್ಟರು ಹನಿ ಬಿಟ್ಟು ಪಾಪೆ ಹಿಗ್ಗಿಸಿ
ದೀಪ ಹಿಡಿದು ಬಹಳ ಹೊತ್ತು ಒಳಗೆ ಅಲೆದಾಡಿ ಬಂದು
ಚೀಟಿಯ ಹಿಂದೆ ಚಿತ್ರ ಬರೆದರು:
ಎರಡೂ ಕಣ್ಣಿನ ನಟ್ಟನಡುವೆ ಹಳೆಯ ಗಾಯದ ಕಲೆ,
ಅರ ಚಾಚಿದ ಬಂಡಿಯ ಗಾಲಿ.
ಅಪ್ಪ ಗಾಲಿ ರಿಪೇರಿಯವನು. ಮೊದಲು ನಕ್ಕ.

"ಟಾಕ್ಸೊಪ್ಲಾಸ್ಮಾ" ಎಂದರು ಡಾಕ್ಟರು,
"ಬಿಲ್ಲಿನಂತೆ ಬಾಗಿದ ಸಣ್ಣ ಜೀವ."
ಆಮೇಲೆ ಕೇಳಿದರು: "ಮನೆಯಲ್ಲಿ ಬೆಕ್ಕುಂಟೇ?"

ಸಂಜೆ ಅಪ್ಪ ಗೋಣಿಚೀಲ ಹಿಡಿದು ಕಣಜದ ಕಡೆ ಹೊರಟ.
ಬೂದಿ ಬಣ್ಣದ ಫುಮಾಸ ಅಲ್ಲಿ ಕಣ್ಣು ಮುಚ್ಚಿ
ಹಾಲು ಕುಡಿಯುತ್ತಿತ್ತು, ಜಗತ್ತೇ ಇಲ್ಲವೆಂಬಂತೆ.
ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.
"ಬೆಕ್ಕು ತಿಂದದ್ದು ಇಲಿ. ಇಲಿ ತಿಂದದ್ದು ನಮ್ಮ ಜೋಳ.
ಹಂದಿ ಕೆದಕಿದ್ದು ನೆಲ. ನಾವು ತಿಂದದ್ದು ಹಂದಿ.
ಸೊಸೆಗೆ ನೋಡು ಎಂದವಳು ನಾನು.
ಅಷ್ಟು ದೊಡ್ಡ ಗೋಣಿ ಎಲ್ಲಿದೆ ನಿನ್ನ ಹತ್ತಿರ?"

ಅಪ್ಪ ಗೋಣಿ ಕೊಡವಿ ಮಡಚಿಟ್ಟ.

ಉಪ್ಪು ತಿಂದವರು ನೀರು ಕುಡಿಯಬೇಕಂತೆ.
ತಾಯಿ ಅಂದಿನಿಂದ ಯಾವ ಅಡುಗೆಗೂ ಉಪ್ಪು ನೋಡಲಿಲ್ಲ.
ಸೂಪು ಒಂದು ದಿನ ಸಪ್ಪೆ, ಒಂದು ದಿನ ಸಮುದ್ರ.
ನಾವು ತಲೆ ತಗ್ಗಿಸಿ ಉಂಡೆವು,
ಯಾರೂ ಒಂದು ಮಾತಾಡದೆ, ಮೂವತ್ತು ವರ್ಷ.

ನಾನು ದಿಟ್ಟಿಸಿದ್ದೆಲ್ಲ ಮಾಯವಾಗುತ್ತದೆ.
ಸೂಜಿಯನ್ನು ನೋಡಿದರೆ ಸೂಜಿಯಿಲ್ಲ,
ಮುಖವನ್ನು ನೋಡಿದರೆ
ಕೂದಲ ಚೌಕಟ್ಟಿನೊಳಗೆ ಒಂದು ಮಂಜು.
ಕಲಿತೆ: ಕಿವಿ ನೋಡಿದರೆ ಬಾಯಿ ಸಿಗುತ್ತದೆ,
ಬೇಲಿ ನೋಡಿದರೆ ಕರು.
ಮದುವೆಯಾದ ಹೊಸತರಲ್ಲಿ ವಾಲ್ದೆಸೀರ್ ಮುನಿದ:
ನನ್ನನ್ನು ಕಡೆಗಣಿಸುತ್ತೀಯ.
ಹೌದು ಮಾರಾಯ, ಕಡೆಗಣ್ಣಿನಲ್ಲೇ.
ನೀನು ಪೂರ್ತಿಯಾಗಿ ಇರುವುದು ಅಲ್ಲಿ ಮಾತ್ರ.

ಈ ಜೂನಿನಲ್ಲೂ ಹಂದಿ ಕೊಯ್ದೆವು.
ಮರಿಗೆ ಅದೇ, ಕಲಸುವ ಕೈ ನನ್ನದು.
ಗುಬ್ಬಿ ಮೊಟ್ಟೆಯಷ್ಟು ಮಾಂಸ ಕಾವಲಿಗೆ ಹಾಕಿ
ಎರಡೂ ಮಗ್ಗುಲು ಕಂದು ಬರುವ ತನಕ,
ನಡುವೆ ಕೆಂಪು ಉಳಿಯದ ತನಕ ಸುಟ್ಟು
ತಾಯಿಯ ಮುಂದೆ ಹಿಡಿದೆ.
"ಉಪ್ಪು ನೋಡು."

ಅವಳು ಕೈ ಹಿಂದೆಳೆದಳು.
ನಾನು ಹಿಡಿದೇ ಇದ್ದೆ; ಬೆರಳಿಗೆ ಕೊಬ್ಬು ಸುಡುತ್ತಿತ್ತು.
ಕಣಜದಲ್ಲಿ ಯಾವುದೋ ಬೆಕ್ಕಿನ ಮರಿ ಅತ್ತಿತು,
ಫುಮಾಸಳ ಮೊಮ್ಮಗಳ ಮೊಮ್ಮಗಳಿರಬೇಕು.

ಅವಳ ಕಿವಿಯೋಲೆಯನ್ನೇ ನೋಡುತ್ತ ನಿಂತೆ,
ಅವಳ ದವಡೆ ಅಲುಗುವುದು ಕಾಣುವವರೆಗೆ.

"ಇನ್ನೊಂದು ಚಿಟಿಕೆ" ಎಂದಳು.