ಒಂದು, ಮೂರು, ನಾಲ್ಕು, ಎರಡು

ಶಾಲೆ ಬಿಟ್ಟಮೇಲೆ ನಾನು ಕಲಿತ ಎಣಿಕೆ ಇದು:
ಒಂದು, ಮೂರು, ನಾಲ್ಕು, ಎರಡು.
ಅಮೋಘಸಿದ್ಧನ ಹಳೇ ಪಿಕಪ್
ಸಂಖದ ಏರು ಹತ್ತುವಾಗ ಒಂದನ್ನು ನುಂಗುತ್ತದೆ.
ದಾಳಿಂಬೆ ಕ್ರೇಟು ಹೇರಿದರೆ ಎರಡನ್ನೂ.

ಫಿಲ್ಟರು ಬದಲಿಸಿದೆ. ಟ್ಯಾಪೆಟ್ಟು ಹಿಡಿದೆ.
ಮಿರಜಿನಿಂದ ನಾಲ್ಕು ಹೊಸ ನಾಝಲ್ ತರಿಸಿ ಹಾಕಿದೆ.
ಮೂರು ದಿನ ನೆಟ್ಟಗೆ; ನಾಲ್ಕನೇ ದಿನ
ಗ್ಯಾರೇಜಿನ ತಿರುವಿನಲ್ಲೇ ಆ ಬಿಕ್ಕಳಿಕೆ.
"ಮತ್ತ ಬಂದೀನ್ರಿ ದಸ್ತಗೀರಣ್ಣಾ."
ಸಿಟ್ಟಿಲ್ಲ ಅವನ ದನಿಯಲ್ಲಿ. ಅದೇ ನನಗೆ ಸಿಟ್ಟು.

ಚಾಲೂ ಇಟ್ಟೇ ಪೈಪಿನ ನಟ್ಟು ಒಂದೊಂದಾಗಿ ಸಡಿಲಿಸಿದೆ.
ಯಾವುದನ್ನು ಸಡಿಲಿಸಿದಾಗ ದನಿ ಬದಲಾಗದೋ
ಅದೇ ಸತ್ತದ್ದು.
ನಿನ್ನೆ ಸತ್ತದ್ದು ಮೂರನೆಯದು.
ಇವತ್ತು ಮೂರು ಬದುಕಿದೆ, ಒಂದು ಸತ್ತಿದೆ.
ಪಾನಾ ಕೆಳಗಿಟ್ಟೆ.
ರೋಗ ಮನೆ ಬದಲಿಸುತ್ತಿದ್ದರೆ
ಅದು ಮನೆಯದಲ್ಲ, ನೀರಿನದು.

ಗೋಣಿ ಹಾಸಿ ಗಾಡಿಯಡಿ ಅಂಗಾತ ಜಾರಿದೆ.
ಟ್ಯಾಂಕಿನಿಂದ ಬರುವ ರಬ್ಬರು ಪೈಪು,
ಕ್ಲಿಪ್ಪಿನ ಮರೆಯಲ್ಲಿ ಕೂದಲೆಳೆಯ ಬಿರುಕು.
ಹೊರಗೆ ಸೋರಿದ್ದರೆ ನೆಲ ಹೇಳುತ್ತಿತ್ತು.
ಇದು ಒಳಗೆ ಗಾಳಿ ಕುಡಿಯುತ್ತಿತ್ತು.
ಗ್ರೀಸು ಮೆತ್ತಿದೆ: ನೆಟ್ಟಗಾಯಿತು.
ಒರೆಸಿದೆ: ಬಿಕ್ಕಿತು.
ಇನ್ನೆರಡು ಸಲ ಆಡಿಸಿದೆ, ಅಗತ್ಯವಿರಲಿಲ್ಲ.

ಗೇಣುದ್ದ ಪೈಪು, ಎರಡು ಕ್ಲಿಪ್ಪು. ನಲವತ್ತು ರೂಪಾಯಿ.
ಬೆಂಚಿನ ಮೇಲೆ, ಚಿಂದಿಯಲ್ಲಿ,
ತಾನೇನೂ ತಪ್ಪು ಮಾಡದ ಹಳೇ ನಾಝಲ್ ನಾಲ್ಕು.
ಅಮೋಘಸಿದ್ಧ ಅವನ್ನು ನೋಡಿದ. ನನ್ನನ್ನು ನೋಡಿದ.
"ಇರ್ಲಿ, ಕೊಡ್ರಿ," ಅಂದು
ಟವೆಲ್ಲಿನ ತುದಿಗೆ ಕಟ್ಟಿಕೊಂಡ.