ತೋ ೩

ಖಾಬೂರಾದ ಮೀನುಪೇಟೆಯ ಹಿಂದೆ ನನ್ನ ಲಾಂಡ್ರಿ.
ಗಾಳಿ ಹೋದ ಮೂರನೆಯ ದಿನ
ಬಾಗಿಲು ತಳ್ಳಿದರೆ ತಳ್ಳಿಸಿಕೊಳ್ಳಲಿಲ್ಲ.
ಒಳಗೆ ಮೊಣಕಾಲೆತ್ತರ ಕೆಸರು
ಬಾಡಿಗೆ ಕೊಟ್ಟವರಂತೆ ಕೂತಿತ್ತು.
ಇಸ್ತ್ರಿ ಮೇಜಿನ ಮೇಲೊಂದು ಬೂತಾಯಿ ಮೀನು,
ಯಾರದೋ ಮಗುವಿನ ಒಂಟಿ ಚಪ್ಪಲಿ,
ಗೋಡೆಯಲ್ಲಿ ಕೊನೆಯ ಎರಡು ವಾರ
ನೀರು ಕುಡಿದ ಕ್ಯಾಲೆಂಡರು.

ನಿಜ್ವಾದಿಂದ, ಇಬ್ರಿಯಿಂದ ಹುಡುಗರು ಬಂದರು,
ಗುರುತಿಲ್ಲ, ಪರಿಚಯವಿಲ್ಲ.
ದಿಶ್ದಾಶ ಸೊಂಟಕ್ಕೆ ಕಟ್ಟಿ ಸಲಿಕೆ ಹಿಡಿದರು,
ನನ್ನ ಅಂಗಡಿ ತೋಡಿ, ಪಕ್ಕದ ಮನೆ ತೋಡಿ
ಒಂದು ಲೋಟ ಚಹಾಕ್ಕೂ ನಿಲ್ಲದೆ ಹೋದರು.
ಮುರಾದ್ ಬಲೂಚಿ ತನ್ನ ಪಿಕಪ್ಪಿನಲ್ಲಿ
ಎಲ್ಲಿಂದಲೋ ಜನರೇಟರು ತಂದ.
ಒಂದು ಮೆಷಿನು ಬದುಕಿತ್ತು.
ದುಡ್ಡು ಬೇಡ ಎಂದು ರಟ್ಟಿನ ಮೇಲೆ ಬರೆಸಿ ತೂಗುಹಾಕಿದೆ.
ಕರೆಂಟು ಕಂಬದಿಂದ ಮಸೀದಿಯ ಕಿಟಕಿ ಸರಳಿಗೆ ಹಗ್ಗ;
ಅದರ ತುಂಬ ಪರದೆ, ಯೂನಿಫಾರ್ಮು, ನಮಾಜಿನ ಚಾಪೆ,
ಮದುವೆಗೆಂದು ಹೊಲಿಸಿ ಇನ್ನೂ ಉಡದ ಒಂದು ಹಸಿರು ಜರಿ.

ಆರನೆಯ ದಿನ ಪೊಲೀಸಿನವನು ಬಂದ,
ಕೈಯಲ್ಲಿ ಪ್ಲಾಸ್ಟಿಕ್ ಚೀಲ.
ಚೀಲದಲ್ಲೊಂದು ಅಂಗಿ. ಕಾಲರು ಮಗುಚಿ ತೋರಿಸಿದ:
ಇದು ಯಾವ ಭಾಷೆ?
ಮೆಡಿಕಲ್ ಶಾಪಿನ ಮಲಯಾಳಿ ನಮ್ಮದಲ್ಲ ಎಂದನಂತೆ,
ತೆಲುಗಿನ ಮೇಸ್ತ್ರಿ ಅಕ್ಷರ ಓದಿ, ಅರ್ಥವಾಗದೆ,
ತಲೆ ಕೆರೆದುಕೊಂಡು ಇತ್ತ ಕೈ ತೋರಿಸಿದನಂತೆ.

ತೋ ೩.
ನನ್ನದೇ ಕೈ, ನನ್ನದೇ ಮಾಸದ ಶಾಯಿ.
ತೋಟದ ಮೂರನೆಯವ.
ಒಂದನೆಯವನ ಬಟ್ಟೆಗೆ ಬೀಡಿಯ ವಾಸನೆ,
ಎರಡನೆಯವ ಜೇಬಿನಲ್ಲಿ ಮೊಳೆ ಮರೆಯುತ್ತಾನೆ,
ಮೂರನೆಯವ ವರ್ಷಕ್ಕೆ ಎರಡೇ ಸಲ,
ಎರಡು ಹಬ್ಬಕ್ಕೆ, ಇದೊಂದೇ ಅಂಗಿ.
ನಡುವಿನ ಗುಂಡಿ ಬೇರೆ ಬಣ್ಣದ್ದು,
ಹೊಲಿದವನು ನಾನು.

ಹೆಸರು? ಎಂದ ಪೊಲೀಸಿನವನು.
ಏಳು ವರ್ಷ.
ಕೇಳಿರಲಿಲ್ಲ.

ತೋಟಕ್ಕೆ ಹೋದೆವು. ಖರ್ಜೂರದ ಮರಗಳು
ಒಂದೇ ದಿಕ್ಕಿಗೆ ತಲೆಯಿಟ್ಟು ಮಲಗಿದ್ದವು.
ಪಂಪಿನ ಮನೆಯ ಸೂರಿನಲ್ಲಿ ಕುಕ್ಕರಗಾಲಲ್ಲಿ ಕೂತ ಒಂದನೆಯವ
ತಲೆಯೆತ್ತದೆ ಹೇಳಿದ: ಮೊಫಿಜುಲ್.
ಆಡುಗಳ ಹಗ್ಗ ಬಿಚ್ಚಲು ಹೋದ.
ಆಡುಗಳು ಬಂದವು.

ತೋಟದ ಮುದುಕ ಯಜಮಾನ, ತನ್ನ ಗೋಡೆಯೇ ಇಲ್ಲದವನು,
ಅಂಗಳದಲ್ಲಿ ಚಾಪೆ ಹಾಸಿ ಮೂರು ದಿನ ಕೂತ,
ಖಾವಾದ ಹೂಜಿ, ಖರ್ಜೂರದ ತಟ್ಟೆ ಮುಂದಿಟ್ಟು.
ಊರು ಸಾಲಾಗಿ ಬಂದು ಕೈಹಿಡಿದು ಹೋಯಿತು.
ಅವನ ಕೂಲಿಯಾಳಿಗೆ, ಅವನ ಮಗನಿಗೆಂಬಂತೆ.
ಸಂಬಳ ನಾಲ್ಕು ತಿಂಗಳಿಂದ ಕೊಟ್ಟಿರಲಿಲ್ಲ ಎಂದು
ಎರಡನೆಯವ ನನ್ನ ಕಿವಿಯಲ್ಲಿ ಹೇಳಿದ.
ಎರಡೂ ನಿಜ. ನಾನೂ ಒಂದು ಖರ್ಜೂರ ತಿಂದೆ.

ಕಟಪಾಡಿಯಲ್ಲಿ ನನ್ನಜ್ಜಿ
ಸಾವಿನ ಮನೆಗೆ ಮಡಿ ಬಟ್ಟೆ ಒಯ್ಯುತ್ತಿದ್ದಳು.
ಅವಳು ಮೆಟ್ಟಿಲ ಕೆಳಗೆ ನಿಂತು ಬಟ್ಟೆ ಕೊಡದೆ
ದೊಡ್ಡ ಮನೆಯವರ ಸೂತಕವೂ ಕಳೆಯುತ್ತಿರಲಿಲ್ಲ.
ಮೆಟ್ಟಿಲ ಮೇಲೆ ಮಾತ್ರ ಅವಳನ್ನು ಕರೆದವರಿಲ್ಲ.
ಅಪ್ಪ ಅದನ್ನು ಬಿಟ್ಟ. ನಾನು ವಿಮಾನ ಹತ್ತಿದ್ದೂ
ಅದರಿಂದ ದೂರ ಎಂದೇ.

ಕಾಗದ ಪತ್ರ ಮುಗಿದು ಅಂಗಿ ನನ್ನ ಕೈಗೆ ಬಂತು.
ನಾಲ್ಕು ನೀರಲ್ಲಿ ಕೈಯಿಂದಲೇ ಒಗೆದೆ, ಮೆಷಿನಿಗೆ ಹಾಕಲಿಲ್ಲ.
ವಾದಿಯ ಮಣ್ಣು ಕಾಲರಿನ ಹೊಲಿಗೆಯಲ್ಲಿ ಉಳಿಯಿತು.
ಇಸ್ತ್ರಿ ಮಾಡಿ, ಮಡಿಸಿ,
ಬರಿಸಾಲಿಗೆ ಹೊರಟ ಎರಡನೆಯವನ ಕೈಗಿಟ್ಟೆ.
ಅವನು ಒಳಗೆ ಕರೆದ. ಕೂರಿಸಿದ.

ಮಾರನೆಯ ಬೆಳಿಗ್ಗೆ ಝುವೈನಾ ಹಾಸಿಗೆಯ ಹೊದಿಕೆ ತಂದಳು.
ಹೆಸರು? ಎಂದೆ, ಪೆನ್ನು ಹಿಡಿದು.
ಹನ್ನೊಂದು ವರ್ಷ ನಿನ್ನ ರಫೀಕ್ ಎಂದಿದ್ದೇನೆ,
ಮೊದಲು ನಿನ್ನದು ಹೇಳು ಎಂದಳು.
ಐತಪ್ಪ ಎಂದೆ.
ಐತಬ್ಬ, ಎಂದಳು; ಮತ್ತೊಮ್ಮೆ, ಐತಬ್ಬ.
ಅವಳ ಬಾಯಲ್ಲಿ ನನ್ನ ಪ ನಿಲ್ಲುವುದಿಲ್ಲ.
ಸರಿ ಎಂದೆ.
ಮೆಷಿನು ಇನ್ನೂ ಕೆಂಪು ನೀರನ್ನೇ ಉಗುಳುತ್ತಿತ್ತು.