ಚಕ್ಕಬಂದಿ

ರೋಣದ ಕಚೇರಿ ಹಿಂದ ಪತ್ರಾಸಿನ ನೆರಳಾಗ ಕುಂತು
ಪುಟಕ್ಕ ನಲವತ್ತು ರೂಪಾಯಿಗೆ
ದೇಸಾಯರ ದಫ್ತರ ಓದತೀನಿ.
ಮೋಡಿ ಬಲ್ಲವರು ತಾಲೂಕಿನಾಗ ಇಬ್ಬರ;
ಇನ್ನೊಬ್ಬರ ಕಣ್ಣು ಹೋಗ್ಯಾವ.

ಹೊಲಕ್ಕ ನಾಕೂ ದಿಕ್ಕು ಬರದಾರ:
ಮೂಡಲಕ್ಕ ಹಳ್ಳ, ತೆಂಕಲಕ್ಕ ಗಾಣಿಗೇರ ಬಾವಿ,
ಪಡುವಲಕ್ಕ ಸಿಡಿಲು ಬಡದ ಬನ್ನಿಗಿಡ,
ಬಡಗಲಕ್ಕ ಖಾಸಾ ನಮ್ಮದ.

ಅದ ಹಾಳಿ ಬೆನ್ನಿಗೆ ಲಗ್ನದ ಯಾದಿ.
ಎತ್ತು ಎಂಟು. ಪುತಳಿಸರ ಎರಡು, ಒಂದರ ಕೊಂಡಿ ಮುರದದ್ದು.
ಎರಿಹೊಲ ಹನ್ನೆರಡು ಕೂರಿಗಿ, ಅರಿಷಿಣ ಕುಂಕುಮಕ್ಕ.
ತಾಮ್ರದ ಹಂಡೆ.
ಕನ್ಯಾ ಒಂದು.

“ಹೆಸರೇನೈತಿ ನೋಡ್ರಿ,” ಅಂತಾರ ಹೊಂಬಳ ವಕೀಲರು.
ಐತಿ. ಅತ್ತಿಮನಿಯವರು ಅಕ್ಕಿಯೊಳಗ ಬರದ ಹೆಸರು, ರುಕ್ಮಾಬಾಯಿ.
ತವರಿನ ಹೆಸರು ಹುಳಾ ತಿಂದಾವ;
ಕಡೀ ಅಕ್ಷರದ ಬಾಲಷ್ಟ ಉಳದೈತಿ,
ಒಣಗಿದ ಹುಣಸಿಬೀಜದ ಬಣ್ಣದ್ದು.

ಚಹಾ ತಂದ ಫಕ್ಕೀರಪ್ಪ ನಕಾಶಿ ಮ್ಯಾಲ ಬಗ್ಗಿ ನೋಡಿದ.
“ಹಳ್ಳದ ದಂಡಿ ಹೊಲ ಅಲ್ರೀ? ಚಿಮಣಕ್ಕನ ಪಟ್ಟಿ ಇದು.
ನಮ್ಮಪ್ಪ ಇದರಾಗ ಕಡ್ಲಿ ಕಿತ್ತಾನ.”
ಯಾರಪಾ ಆಕಿ, ಚಿಮಣಕ್ಕ?
“ಯಾರೂ ಅಲ್ಲರಿ. ಹೊಲದ ಹೆಸರು.”

ಕಾಗದದಾಗ ಇಲ್ಲದ್ದನ್ನ ಓದೂಹಂಗಿಲ್ಲ.
ವಕೀಲರು ಹದಿನೇಳು ಪುಟದ ರೊಕ್ಕ ಎಣಿಸಿದರು.
ನಾ ಆ ಬಾಲದ ಮ್ಯಾಲ ಬೆರಳಿಟ್ಟು
ಇನ್ನೊಮ್ಮೆ ನೋಡಿದೆ.
‘ಕ್ಕ’ ಇದ್ದರೂ ಇರಬಹುದು.